ವಕೀಲರ ಪಡಸಾಲ್ಯಾಗಿನ ಗುಂಯ್ ಸಪ್ಪಳ

ನಮ್ಮವರು ಕುಂತಲ್ಲಿ ಕುಂದರೂ ಪೈಕಿ ಅಲ್ಲ. ಲಗ್ನ ಆಗಿ ಇಪ್ಪತ್ತೆರಡು ವರ್ಷ ಆಗಿತ್ತು, ಒಂದು ಕಪ್ ಚಾ ಒಂದೇ ಜಾಗಾದಾಗ ಕುಂತು ಕುಡದದ್ದು ನಾ ನೋಡೇ ಇರ್ಲಿಲ್ಲ. ಅರ್ಧಾ ಒಳಗ, ಅರ್ಧಾ ಬಾಗಿಲದಾಗ. ಜೈನುದ್ದೀನ ಅಂದ್ರ ಸಿಂದಗ್ಯಾಗ ಎಲ್ಲಾರಿಗೂ ಗೊತ್ತು, ರೇಡಿಯೋ, ಟೇಪ್ ರಿಪೇರಿ ಮಾಡ್ತಾರ. ಡಬ್ಬಾ ಬಿಚ್ಚೂಕಿಂತ ಮೊದಲ ಬಲಗಿವಿ ಹಚ್ಚಿ ಕೇಳಿ, ಎಲ್ಲಿ ಕೆಟ್ಟೈತಿ ಅಂತ ಹೇಳಿಬಿಡ್ತಿದ್ರು. ಇಂಡಿ, ಮುದ್ದೇಬಿಹಾಳದಿಂದನೂ ಜನ ಹೊತ್ಕೊಂಡು ಬರ್ತಿದ್ರು. ನಮ್ಮ ಮನಿ ಹೊಟ್ಟಿ ತುಂಬಸಿದ್ದು ಆ ಕಿವಿ.

ತೊಂಬತ್ತೊಂಬತ್ತನೇ ಇಸವಿ ಅದು. ನಮ್ಮೂರ ಅನೀಲಕುಮಾರ ವಕೀಲರಿಗೆ ಗಾಯನದ ಹುಚ್ಚು. ಒಂದಿನ ಅಂಗಡಿಗೆ ಬಂದು, "ಉಸ್ತಾದ, ಹಾಡೋರು ನನ್ನ ಎದುರಿಗೇ ಕುಂತಂಗ ಕೇಳಸೂ ಸ್ಪೀಕರ್ ಬೇಕು. ಮುಂಬಯಿಗಿ ಹೋಗೂಣು. ನಿನ್ನ ಕಿವಿ ಒಪ್ಪಿದ್ದನ್ನ ಕಣ್ಣು ಮುಚ್ಚಿ ತರ್ತೇನಿ" ಅಂದ್ರು. ನಮ್ಮವರು ಒಂದು ತಂಬೂರಿ ಕ್ಯಾಸೆಟ್ ಕಿಸೆದಾಗ ಹಾಕ್ಕೊಂಡು ಹೋದ್ರು. ಮೂರು ಜೋಡಿ ಕೇಳಿದ್ರಂತ. ಬಂದು ನನಗ ಹೇಳಿದ್ರು: "ಒಂದು ಜೋಡಿ ತಂಬೂರಿಗಿ ಬೆಲ್ಲ ಬೆರಸತೈತಿ. ಇನ್ನೊಂದು ಮೂಗಿನಾಗ ಹಾಡತೈತಿ. ಮೂರನೇದು ತನ್ನದೇನೂ ಸೇರಸೂದಿಲ್ಲ, ಅದನ್ನ ತಂದ್ವಿ." ನನ್ನ ಎದಿ ಮಟ ಬರೂ ಎರಡು ಕಟ್ಟಿಗಿ ಪೆಟ್ಟಿಗಿ. ಅದರ ಬೆಲಿ ಕೇಳಿ ನಾ ಬಾಯಿ ಮ್ಯಾಲ ಕೈ ಇಟ್ಕೊಂಡೆ.

ವಕೀಲರದು ಹಳೇ ಮನಿ, ಮೊಳದ ಮ್ಯಾಲ ಮೊಳ ದಪ್ಪ ಗ್ವಾಡಿ, ನೆಲಕ್ಕ ಫರಸಿ. ಪಡಸಾಲ್ಯಾಗ ಪೆಟ್ಟಿಗಿ ಕೂಡಿಸಿ, ಹಚ್ಚಿ ನೋಡಿ ಬಂದ್ರಲ್ಲ, ಅವತ್ತಿನಿಂದ ಸುರು ಆತು ನೋಡ್ರಿ. ಊಟ ಇಲ್ಲ, ಅಂಗಡಿ ಇಲ್ಲ. ಮುಂಜಾನೆದ್ದು ವಕೀಲರ ಮನಿ. ಪೆಟ್ಟಿಗಿ ಗ್ವಾಡಿಯಿಂದ ಒಂದು ಗೇಣು ಮುಂದ, ಮತ್ತ ಅರ್ಧಾ ಗೇಣು ಹಿಂದ. ಒಂದರ ಮುಖ ಒಳಗ ತಿರುಗಸೂದು. ಹಿಂದಿನ ಗ್ವಾಡಿಗಿ ನನ್ನ ಛಲೋ ಕೌದಿ ಒಯ್ದು ತೂಗ ಹಾಕಿದ್ರು! ವಕೀಲರು, "ಭಾರಿ ಬರಾಕತ್ತೈತಿ ಉಸ್ತಾದ, ಬಿಡಿನ್ನ" ಅಂತಿದ್ರು. ಇವರು ಬಿಡವಲ್ರು.

"ಏನಾಗೇತಿ ನಿಮಗ? ತಲಿ ಕೆಟ್ಟು ಮೊಸರಗಡಿಗಿ ಆಗೇತೇನು?" ಅಂತ ಒದರಿದೆ.

ಆಗ ಬಾಯಿ ಬಿಟ್ರು. "ಸುಗ್ರಾ, ತಂಬೂರಿ ಕೆಳಗಿನ ಸ್ವರಕ್ಕ ಬಂದ್ರ ಬಲಗಡಿಯಿಂದ ಗುಂಯ್ ಅಂತೈತಿ. ಯಾರಿಗೂ ಕೇಳವಲ್ದು, ನನಗಷ್ಟ. ಅದು ಪಡಸಾಲ್ಯಾಗ ಐತೋ, ನನ್ನ ಕಿವ್ಯಾಗ ಐತೋ ತಿಳೀವಲ್ದು. ಕಿವಿ ಹೋದ್ರ ನಾ ಏನ್ ಮಾಡ್ಲಿ?"

ಯಾ ಅಲ್ಲಾ! ನಾ ಮೊದಲ ಒಂದು ನೋಡಿದ್ದೆ. ಆರು ತಿಂಗಳಿಂದ ಅವರು ಡಬ್ಬಾ ಎಡಗಿವಿಗಿ ಹಚ್ಚಾಕತ್ತಿದ್ರು. ಕೇಳಿದ್ರ ಸಿಟ್ಟಿಗಿ ಬರ್ತಾರಂತ ಸುಮ್ನಿದ್ದೆ.

ಹನ್ನೆರಡನೇ ದಿನ ಅವರನ್ನ ಮನಿಗಿ ಎಳಕೊಂಡು ಬರಬೇಕಂತ ನಾನೂ ಹ್ವಾದೆ. ಗಂಡಸರೆಲ್ಲಾ ಖುರ್ಚಿ ಮ್ಯಾಲ ಕಣ್ಣು ಮುಚ್ಚಿ ಕುಂತಾರ. ವಕೀಲರ ಅವ್ವ ಸಿದ್ದಲಿಂಗವ್ವ ಕಂಬದ ಬುಡಕ ನೆಲದ ಮ್ಯಾಲ ಕುಂತು ಅವರಿಕಾಯಿ ಸುಲಿಯಾಕತ್ತಿದ್ರು. ನಾನೂ ಬಾಜು ಕುಂತೆ. ತಂಬೂರಿ ಕೆಳಗಿನ ಸ್ವರಕ್ಕ ಬಂತು. ಬುಡಕಿನ ಫರಸಿ ನಡುಗಿ, ನನ್ನ ಟೊಂಕದ ಮಟ ಝುಂ ಅಂತು.

"ಅವ್ವಾರ, ಇದರ ಬುಡಕ ಏನೈತ್ರಿ?"

"ಏನಿರತೈತಿ? ಹಗೇವು ಐತಿ. ನಮ್ಮ ಮಾವಾರ ಕಾಲಕ್ಕ ಆ ತೆಗ್ಗಿನಾಗ ಜೋಳ ತುಂಬತಿದ್ವಿ. ಇವಾ ವಕೀಲ ಬಿಜಾಪುರದಾಗ ಓದೂಮುಂದ ಮ್ಯಾಲ ಫರಸಿ ಹಾಕಿ ಮುಚ್ಚೀವಿ. ಒಳಗ ಖಾಲಿ ಐತಿ."

"ಇಷ್ಟ ದಿನ ಯಾಕ ಹೇಳ್ಲಿಲ್ಲಬೇ?" ಅಂತ ವಕೀಲರು ಎದ್ದು ನಿಂತ್ರು.

"ನನ್ನ ಯಾರು ಕೇಳಿದ್ರೋ?" ಅಂತ ಮುದುಕಿ ಮತ್ತ ಅವರಿಕಾಯಿ ಕೈಗೆ ತಗೊಂಡ್ಲು.

ಬೆಣ್ಣಿ ಕೈಯಾಗ ಇಟ್ಕೊಂಡು ತುಪ್ಪಕ್ಕ ಊರೆಲ್ಲಾ ತಿರಗಿದಂಗ ಆಗಿತ್ತು. ಬಲಗಡಿ ಪೆಟ್ಟಿಗಿ ಹಗೇವಿನ ಬಾಯಿ ಮ್ಯಾಲೇ ಇತ್ತು. ಖಾಲಿ ಕೊಡದಾಗ ಬಾಯಿ ಇಟ್ಟು ಕೂಗಿದಂಗ ಅದು ಗುಂಯ್‌ಗುಡತಿತ್ತು. ನಮ್ಮವರು ನೆಲಕ್ಕ ಕುಂತು ಎರಡೂ ಕೈ ಫರಸಿ ಮ್ಯಾಲ ಇಟ್ಟು ನಕ್ರು ನೋಡ್ರಿ, ಸಣ್ಣ ಹುಡುಗರಂಗ. "ನನ್ನ ಕಿವಿ ಅಲ್ಲ! ಸುಗ್ರಾ, ನನ್ನ ಕಿವಿ ಅಲ್ಲ!" ನಾ ಸೆರಗಿನಾಗ ಮಾರಿ ಮುಚ್ಕೊಂಡೆ.

ಫರಸಿ ಎಬ್ಬಿಸಿ, ಒಂದಿನ ಕೆಟ್ಟ ಗಾಳಿ ಹೋಗಾಕ ಬಿಟ್ಟು, ಎರಡು ಟ್ರ್ಯಾಕ್ಟರ್ ಗರಸು ಮಣ್ಣು ಹಗೇವಿಗಿ ತುಂಬಿಸಿದ್ರು. ಫರಸಿ ಹಾಕಿ, ಪೆಟ್ಟಿಗಿ ಅಲ್ಲೇ ಇಟ್ಟು ಕ್ಯಾಸೆಟ್ ಹಚ್ಚಿದ್ರು. ತಂಬೂರಿ ಅಂದ್ರ ಅದು ತಂಬೂರಿ! ನನ್ನಂಥಾಕಿಗೂ ಮೈ ಜುಮ್ಮಂತು. ವಕೀಲರು, "ಯಾರಿಗೂ ಕೇಳದ್ದು ನಿನಗ ಕೇಳ್ತಲ್ಲೋ, ಎಂಥಾ ಕಿವಿ ನಿಂದು!" ಅಂತ ಇವರ ಹೆಗಲಿಗಿ ಶಾಲು ಹಾಕಿದ್ರು.

ಮನಿಗಿ ಬರೂಮುಂದ ಖುಷಿಲೆ ನಾ ಬಾಯಿ ಮುಚ್ಚದಂಗ ಮಾತಾಡಿದೆ. ಒಂದಕ್ಕೂ ಉತ್ತರ ಇಲ್ಲ. ನಾ ಅವರ ಬಲಕ್ಕ ನಡದಿದ್ದೆ. ಎಡಕ್ಕ ಬಂದೆ.

"ಈಗರೆ ಗುಂಯ್ ಅನ್ನೂದು ಹೋತಿಲ್ರಿ?"

ಶಾಲು ಸರಿ ಮಾಡ್ಕೊಂಡ್ರು. "ಪಡಸಾಲ್ಯಾಗಿಂದು ಹೋತು, ಸುಗ್ರಾ" ಅಂದ್ರು.

ರಸ್ತೆದಾಗ ಯಾವ ತಂಬೂರಿ ಇತ್ತು ಹೇಳ್ರಿ? ಅವರ ಬಲಗಿವ್ಯಾಗ ಮಾತ್ರ ಅದು ನಡದೇ ಇತ್ತು. ಹಗೇವಿನ ಸಪ್ಪಳ ಎಡಗಿವಿಯಿಂದ ಹಿಡದಿದ್ರು. ಊರೆಲ್ಲಾ ಹೊಗಳಿದ ಆ ಬಲಗಿವಿ ಯಾವಾಗೋ ಹೋಗಿತ್ತು.

ಮರುದಿನ ಅಡಗಿ ಮುಗಿಸಿ ಅಂಗಡಿಗಿ ಹ್ವಾದೆ. ಸ್ಟೂಲ್ ಎಳದು ಅವರ ಬಲಕ್ಕ ಕುಂತೆ.

"ಮನ್ಯಾಗ ಕೆಲಸ ಇಲ್ಲೇನು ನಿನಗ?" ಅಂತ ಗುರ್ ಅಂದ್ರು.

"ಐತಿ. ಆ ಡಬ್ಬಾ ಹಚ್ಚರಿ. ಎಲ್ಲಿ ಗರಗರ ಅಂತೈತಿ ನಾ ಹೇಳ್ತೇನಿ."

ಅವರು ಡಬ್ಬಾ ನನ್ನ ಕಡೆ ಸರಿಸಿದ್ರು. ಬಾಜು ಹೋಟೆಲಿನಿಂದ ಚಾ ಬಂತು. ಪೂರ್ತಿ ಕಪ್ ಕುಂತಲ್ಲೇ ಕುಡದ್ರು. ಅದನ್ನ ನೋಡಿ ನನಗ ಅಳು ತಡೀಲಿಲ್ಲ.