ಗುರುದತ್ತ ಹೇಳಿದ ಎಣ್ಣೆ

ಡಿಸೆಂಬರ್ ತಿಂಗಳ ಮೊದಲ ಗುರುವಾರ, ಬೆಳಗ್ಗೆ ಆರು ನಲವತ್ತಕ್ಕೆ, ಮಾರ್ಟಿನಾ ಸ್ಟಾಪ್‌ವಾಚ್ ಹಿಡಿದು ಗಾಜಿನ ನಳಿಕೆಯೊಳಗೆ ಎಣ್ಣೆ ಇಳಿಯುವುದನ್ನು ನೋಡುತ್ತಿದ್ದಳು. ನಳಿಕೆಯ ಮೇಲೆ ಎರಡು ಗೆರೆಗಳಿವೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಹಿಡಿಯುವ ಹೊತ್ತೇ ಎಣ್ಣೆ ಎಷ್ಟು ಮಂದ ಎಂಬುದರ ಅಳತೆ. ಅಷ್ಟು ಹೊತ್ತು ಕಣ್ಣು ಕದಲುವಂತಿಲ್ಲ. ಮೇಜಿನ ಮೇಲೆ ಫೋನು ಎರಡು ಸಲ ನಡುಗಿದರೂ ಅವಳು ತಿರುಗಲಿಲ್ಲ. ಅಂಕಿ ಬರೆದು, ಕೈಗವಸು ಕಳಚಿದ ಮೇಲೆ ನೋಡಿದಳು. ರುವೈಸ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅವಳ ಗಂಡ ಯುಜಿನ್ ಒಂದು ಪ್ರಶ್ನೆ ಹಾಕಿದ್ದ.

‘ಗುರುದತ್ತರೇ, ನಮ್ಮ ಹಳೇ ಪ್ರಾಡೊ ತಬೂಕಿನ ಚಳಿಗೆ ಬರ್ತದಲ್ಲ, ಇಂಜಿನ್ ಆಯಿಲ್ ಯಾವುದು ಹಾಕುವುದು? ನೀವು ಹೇಳಿದ್ದೇ ಫೈನಲ್.’

ಕೊನೆಯ ವಾಕ್ಯವನ್ನು ಅವಳು ಮತ್ತೊಮ್ಮೆ ಓದಿದಳು.

ಮಾರ್ಟಿನಾ ಶಿರ್ವದವಳು. ಉಡುಪಿಯಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಕೊಲ್ಲಿಯ ರುವೈಸಿಗೆ ಬಂದವಳು, ಈ ರಿಫೈನರಿ ಊರಿನ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷಗಳಿಂದ ಎಣ್ಣೆಗಳನ್ನೇ ಅಳೆಯುತ್ತಿದ್ದಾಳೆ. ಕುದಿಯುವ ಬಿಸಿಯಲ್ಲಿ ಎಣ್ಣೆ ಎಷ್ಟು ತೆಳುವಾಗುತ್ತದೆ, ಚಳಿಯಲ್ಲಿ ಎಷ್ಟು ಗಟ್ಟಿಯಾಗುತ್ತದೆ ಎಂದು ಹೇಳುವುದೇ ಅವಳ ಸಂಬಳದ ಕೆಲಸ. ಅದೇ ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿರುವ ಯುಜಿನ್‌ಗೆ ಇದು ಗೊತ್ತಿಲ್ಲವೆಂದಲ್ಲ. ಹಿಂದಿನ ಸಂಜೆ ಇಬ್ಬರೂ ಎದುರುಬದುರು ಕೂತು ಮೀನು ಸಾರಿನಲ್ಲಿ ಊಟ ಮಾಡಿದ್ದರು. ಅವನು ಚಳಿಗೆ ಯಾವ ಜಾಕೆಟ್ ಎಂದು ಕೇಳಿದ್ದ.

ಗುರುದತ್ತ ಮೈಸೂರಿನವನು, ಕಂಪನಿಯ ಐಟಿ ವಿಭಾಗದಲ್ಲಿದ್ದ, ಎದುರಿನ ಕಟ್ಟಡದಲ್ಲೇ ಮನೆ. ಯಂತ್ರದ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಆದರೆ ಅವನ ಡಿಕ್ಕಿಯಲ್ಲಿ ಜ್ಯಾಕ್, ಗಾಳಿ ಪಂಪು, ಜಂಪರ್ ಕೇಬಲ್, ಒಂದು ಕ್ಯಾನ್ ನೀರು ಸದಾ ಇರುತ್ತಿದ್ದವು. ಯಾರ ಗಾಡಿ ಎಲ್ಲಿ ನಿಂತರೂ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಅವನನ್ನು ದ್ವೇಷಿಸಲು ಮಾರ್ಟಿನಾಗೆ ಒಂದು ಕಾರಣವೂ ಸಿಗಲಿಲ್ಲ. ಅದು ಅವಳಿಗೆ ಇನ್ನಷ್ಟು ಉರಿ ತರುತ್ತಿತ್ತು.

ಅವನ ಉತ್ತರ ಧ್ವನಿ ಸಂದೇಶವಾಗಿ ಬಂದಿತ್ತು. ‘ಯುಜಿನ್, ತಲೆ ಕೆಡಿಸ್ಕೋಬೇಡಿ. ಹಳೇ ಗಾಡಿ ಅಂದ್ರೆ ವಯಸ್ಸಾದವರ ಥರ, ಅಭ್ಯಾಸ ತಪ್ಪಿಸ್ಬಾರ್ದು. ಇಷ್ಟು ದಿನ ಹಾಕಿದ್ದ ಟ್ವೆಂಟಿ ಡಬ್ಲ್ಯು ಫಿಫ್ಟಿನೇ ಹಾಕಿ. ತೆಳು ಎಣ್ಣೆ ಹಾಕಿದ್ರೆ ಹಳೇ ಸೀಲಲ್ಲಿ ಸೋರುತ್ತೆ ಅಷ್ಟೆ.’ ಅದರ ಕೆಳಗೆ ಹೆಬ್ಬೆರಳುಗಳ ಸಾಲು.

ಎಣ್ಣೆ ಡಬ್ಬದ ಮೇಲಿನ ಎರಡು ಅಂಕಿಗಳಲ್ಲಿ ಮೊದಲನೆಯದು ಚಳಿಗೆ, ಎರಡನೆಯದು ಬಿಸಿಗೆ. ಮೊದಲನೆಯದು ಚಿಕ್ಕದಾದಷ್ಟೂ ಎಣ್ಣೆ ಹೆಚ್ಚು ಚಳಿಯಲ್ಲೂ ಹರಿಯುತ್ತದೆ. ಕೊಲ್ಲಿಯಲ್ಲಿ ಜನ ಎರಡನೆಯದನ್ನೇ ನೋಡಿ ಕೊಳ್ಳುತ್ತಾರೆ. ಮೊದಲನೆಯದನ್ನು ನೋಡುವ ಪ್ರಸಂಗ ಬರುವುದಿಲ್ಲ. ಎರಡೂ ಮನೆಯವರು ಕೂಡಿ ಹೋಗುವ ತಬೂಕ್ ಪ್ರವಾಸದ ಮಾತು ಅಕ್ಟೋಬರಿನಲ್ಲಿ ಎದ್ದಾಗಲೇ ಮಾರ್ಟಿನಾ ಪ್ರಾಡೊದ ಕೈಪಿಡಿ ತೆಗೆದು ಉಷ್ಣಾಂಶದ ಪಟ್ಟಿ ನೋಡಿದ್ದಳು. ಸೌದಿಯ ಉತ್ತರದ ಆ ಬೆಟ್ಟಗಳಲ್ಲಿ ಜನವರಿಯಲ್ಲಿ ಹಿಮ ಬೀಳುವುದುಂಟು. 10W-40 ಸರಿ ಎಂದು ಆಗಲೇ ತೀರ್ಮಾನಿಸಿದ್ದಳು: ಚಳಿಗೆ ಹಗುರ, ಸವೆದ ಇಂಜಿನ್ನಿಗೆ ಸಾಕಷ್ಟು ಮಂದ. ಉತ್ತರ ಸಿದ್ಧವಿತ್ತು. ಯುಜಿನ್ ಕೇಳಲಿ ಎಂದು ಕಾಯುತ್ತಿದ್ದಳು. ಈಗಲೂ ಹೇಳಬಹುದಿತ್ತು, ಆದರೆ ಕೇಳದೆ ಹೇಳುವುದಿಲ್ಲ ಎಂಬ ಹಟ ಬಂದುಬಿಟ್ಟಿತು.

ಆ ವಾರವೇ ಯುಜಿನ್ 20W-50 ಹಾಕಿಸಿಕೊಂಡು ಬಂದ. ಬಿಲ್ಲಿನ ಫೋಟೋ ಗುಂಪಿಗೆ ಹೋಯಿತು. ಗುರುದತ್ತ ಭೇಷ್ ಎಂದ. ಯುಜಿನ್ ದಿನವಿಡೀ ಖುಷಿಯಾಗಿದ್ದ, ಚರ್ಚಿನಲ್ಲಿ ಪಾದ್ರಿ ಹೆಸರು ಹಿಡಿದು ಮಾತಾಡಿಸಿದಾಗ ಇರುತ್ತಾನಲ್ಲ, ಹಾಗೆ.

ಮಾರನೆಯ ಸಂಜೆ ಮಾರ್ಟಿನಾ ಕಟ್ಟಡದ ಕೆಳಗೆ ಹೋಗಿ ಪ್ರಾಡೊದ ಬಾನೆಟ್ ತೆರೆದಳು. ಎಣ್ಣೆ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಟಿಶ್ಯೂ ಮೇಲೆ ಒರೆಸಿ ಮೂಸಿದಳು. ಆಮೇಲೆ ಸಿರಿಂಜಿಗೆ ತೆಳು ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ, ಕಡ್ಡಿಯ ಜಾಗದಿಂದ ಇಳಿಬಿಟ್ಟು, ಮಾದರಿ ಸೀಸೆಗೆ ಎಣ್ಣೆ ಎಳೆದುಕೊಂಡಳು. ಟ್ಯೂಷನ್ನಿನಿಂದ ಬಂದ ಮಗಳು ಆಶ್ಲೆ ಪಕ್ಕದಲ್ಲೇ ನಿಂತಿದ್ದಳು.

‘ಮಮ್ಮಾ, ವೈ ಆರ್ ಯು ಸ್ಮೆಲ್ಲಿಂಗ್ ಡ್ಯಾಡಿಸ್ ಕಾರ್?’

‘ಮೇಲೆ ನಡಿ, ಹೋಮ್‌ವರ್ಕ್ ಮಾಡು,’ ಎಂದಳು ಮಾರ್ಟಿನಾ.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿಕೊಂಡಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಅಲ್ಲೇ ನಿಂತು ಕೆರೆದು ನೋಡುತ್ತಿದ್ದಳು. ಅವತ್ತು ಅವಳ ಮನಸ್ಸಿನಲ್ಲಿ ಎಣ್ಣೆಯೊಂದೇ ಇತ್ತು. ಬಾನೆಟ್ ಮುಚ್ಚಿ ಮೇಲೆ ಹೋದಳು.

ಪ್ರಯೋಗಾಲಯದಲ್ಲಿ ಚಳಿಯ ಪರೀಕ್ಷೆಗೆಂದೇ ಒಂದು ಯಂತ್ರವಿದೆ. ಎಣ್ಣೆಯನ್ನು ಮಂಜುಗಡ್ಡೆಗಿಂತ ತಣ್ಣಗೆ ಮಾಡಿ, ಅದರೊಳಗೆ ಒಂದು ಪುಟ್ಟ ಉರುಳೆಯನ್ನು ತಿರುಗಿಸುತ್ತದೆ. ಅಂಥ ಚಳಿಯ ಬೆಳಗ್ಗೆ ಸ್ಟಾರ್ಟರ್ ಮೋಟರ್ ಇಂಜಿನ್ನನ್ನು ತಿರುಗಿಸಬಲ್ಲದೇ ಎಂಬುದು ಅದರಿಂದ ತಿಳಿಯುತ್ತದೆ. 20W ಎಂದು ಡಬ್ಬದ ಮೇಲೆ ಬರೆಯಬೇಕಾದರೆ ಎಣ್ಣೆ ಮೈನಸ್ ಹದಿನೈದು ಡಿಗ್ರಿಯಲ್ಲಿ ಇದರಲ್ಲಿ ಪಾಸಾಗಬೇಕು. ದಿನದ ಮಾದರಿಗಳು ಮುಗಿದ ಮೇಲೆ ಅವಳು ತನ್ನ ಸೀಸೆಯ ಎಣ್ಣೆಯನ್ನು ಅದಕ್ಕೆ ಹಾಕಿದಳು. ಜೊತೆಗೆ ಕೆಲಸ ಮಾಡುವ ಅನ್ಸಿಫ್, ಉಳ್ಳಾಲದವನು, ಚಹಾ ಹಿಡಿದು ಬಂದು ಅವಳ ಮುಖವನ್ನೂ ಯಂತ್ರದ ಪರದೆಯನ್ನೂ ನೋಡಿದ.

‘ಇದು ಯಾರ ಆಯಿಲ್ ಅಕ್ಕ? ಫೇಲ್ ಆಗ್ಲಿ ಅಂತ ಹರಕೆ ಹೊತ್ತವರ ಹಾಗೆ ನಿಂತಿದ್ದೀರಿ.’

‘ಒಬ್ಬರು ದೊಡ್ಡ ತಜ್ಞರದ್ದು,’ ಎಂದಳು.

ಪಾಸಾಯಿತು. ಅವಳು ಯಂತ್ರ ಶುಚಿ ಮಾಡಿ ಇನ್ನೊಮ್ಮೆ ಹಾಕಿದಳು. ಮತ್ತೆ ಪಾಸಾಯಿತು, ಮೊದಲಿಗಿಂತ ಒಂದು ಕೂದಲೆಳೆಯಷ್ಟು ಚೆನ್ನಾಗಿಯೇ. ‘ಖಲಾಸ್ ಅಕ್ಕ, ತಜ್ಞರು ಗೆದ್ದರು,’ ಎಂದು ಅನ್ಸಿಫ್ ಲೋಟ ತೊಳೆಯಲು ಹೋದ. ಮಾರ್ಟಿನಾ ಸೀಸೆ ಖಾಲಿ ಮಾಡಿದಳು, ಮನೆಯಲ್ಲಿ ಈ ವಿಷಯ ಎತ್ತಲಿಲ್ಲ.

ಶಾಲೆಯ ಚಳಿಗಾಲದ ರಜೆಯಲ್ಲಿ ಎರಡು ಕುಟುಂಬಗಳೂ ಹೊರಟವು. ರುವೈಸಿನಿಂದ ಸೌದಿ ಗಡಿ ಹತ್ತಿರ, ಆಮೇಲಿನ ದಾರಿಯೇ ಉದ್ದ. ಮುಂದೆ ಗುರುದತ್ತನ ಹೊಸ ಗಾಡಿ, ಹಿಂದೆ ಪ್ರಾಡೊ. ದಾರಿಯುದ್ದಕ್ಕೂ ಯುಜಿನ್ ಮುಂದಿನ ಗಾಡಿಯ ಗುಣಗಾನ ಮಾಡಿದ. ಗುರುದತ್ತ ಲೇನ್ ಬದಲಿಸುವ ರೀತಿಯನ್ನೂ ಹೊಗಳಿದ. ಮಾರ್ಟಿನಾ ಕಿಟಕಿಯಾಚೆ ಒಂಟೆಗಳನ್ನು ನೋಡುತ್ತ ಕಿತ್ತಳೆ ಸುಲಿದು ಅವನ ಕೈಗೆ ಕೊಡುತ್ತಿದ್ದಳು.

ತಬೂಕ್ ದಾಟಿ ಬೆಟ್ಟದ ಬುಡದಲ್ಲಿ ಡೇರೆ ಹಾಕಿದರು. ಹೊರಡುವ ಮೊದಲೇ ಅಲ್ ಮೀನಾ ಮಾರುಕಟ್ಟೆಯಲ್ಲಿ ಕೊಂಡಿದ್ದ ದಪ್ಪ ಜಮಖಾನ ಹಾಸಿದರು, ಇದ್ದಿಲಿನ ಮೇಲೆ ಕೋಳಿ ಸುಟ್ಟರು. ಬೆಳಗಾದಾಗ ಗಾಡಿಗಳ ಗಾಜಿನ ಮೇಲೆ ಹಿಮದ ಪುಡಿ ಕೂತಿತ್ತು. ಗುರುದತ್ತನ ಗಾಡಿಯ ಪರದೆ ಮೈನಸ್ ಮೂರು ಎಂದು ತೋರಿಸುತ್ತಿತ್ತು. ಯುಜಿನ್ ಪ್ರಾಡೊದ ಕೀಲಿ ತಿರುಗಿಸಿದ. ಇಂಜಿನ್ ಒಂದೆರಡು ಸಲ ನರಳಿದಂತೆ ನಿಧಾನವಾಗಿ ತಿರುಗಿ ನಿಂತಿತು. ಮತ್ತೆ ತಿರುಗಿಸಿದಾಗ ಟಿಕ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ.

ಮೈನಸ್ ಚಳಿಯನ್ನು ಮೊದಲ ಸಲ ಕಂಡವರಿಗೆ ಅನುಮಾನ ಎಣ್ಣೆಯ ಮೇಲೆಯೇ ಹೋಯಿತು. ಯುಜಿನ್ ಕೆಳಗಿಳಿದು, ಎಲ್ಲರೂ ಕೇಳುವಂತೆ ಹೇಳಿದ: ‘ಎಣ್ಣೆ ಗಟ್ಟಿಯಾಯ್ತು ಮಾರಾಯ್ರೆ. ನಿಮ್ಮ ಮಾತು ನಂಬಿದ್ದಕ್ಕೆ ಹೆಂಡತಿ ಮಕ್ಕಳ ಜೊತೆ ಇಲ್ಲಿ ಕೂರುವ ಹಾಗಾಯ್ತು.’

ಗುರುದತ್ತ ವಾದ ಮಾಡಲಿಲ್ಲ. ‘ತಪ್ಪು ನಂದೇ, ಯುಜಿನ್,’ ಎಂದ. ಅವನ ಹೆಂಡತಿ ಗಾನವಿ ಶಾಲು ಬಿಗಿದುಕೊಂಡು ನೆಲ ನೋಡುತ್ತಿದ್ದಳು. ಅವನು ಸುಮ್ಮನೆ ಹಿಂದಿನ ದಿನದ ಇದ್ದಿಲನ್ನು ತಗಡಿನ ತಟ್ಟೆಗೆ ಸುರಿದು ಹೊತ್ತಿಸಿ, ಊದಲು ಶುರು ಮಾಡಿದ. ಇಂಜಿನ್ನಿನ ಅಡಿಗೆ ತಳ್ಳಿ ಎಣ್ಣೆ ಕಾಯಿಸುತ್ತಾನಂತೆ.

ಮಾರ್ಟಿನಾ ಚಹಾ ಲೋಟ ಹಿಡಿದು ನಿಂತಿದ್ದಳು. ಅವಳು ಕೋರಿದ್ದೆಲ್ಲ ಈಗ ಎದುರಿಗಿತ್ತು: ಗಂಡನ ಬಾಯಲ್ಲಿ ಗುರುದತ್ತನಿಗೆ ಬೈಗುಳ, ಗುರುದತ್ತನ ಮುಖದಲ್ಲಿ ಮಸಿ. ಅದು ಸಿಹಿಯಾಗಿಯೇ ಇತ್ತು. ಲೋಟ ಖಾಲಿಯಾಗುವವರೆಗೆ ಅವಳು ಅದನ್ನು ಅನುಭವಿಸಿದಳು. ಆಗ ಯುಜಿನ್ ಅವಳತ್ತ ತಿರುಗಿದ.

‘ನೀನು ದಿನಾ ಇದನ್ನೇ ನೋಡುವವಳಲ್ವಾ. ಹೇಳು ಇವರಿಗೆ. ಎಣ್ಣೆಯಿಂದಲೇ ತಾನೆ?’

ಹನ್ನೊಂದು ವರ್ಷಗಳಲ್ಲಿ ಅವನು ಎಣ್ಣೆಯ ಬಗ್ಗೆ ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು. ಸುಳ್ಳು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಎರಡು ಸಲ ಕಣ್ಣಾರೆ ಕಂಡ ಅಂಕಿ ಬೇರೆ ಇತ್ತು. ಕಂಡ ಅಂಕಿಯನ್ನು ಬದಲಿಸಿ ಬರೆದು ಅವಳಿಗೆ ಅಭ್ಯಾಸವಿರಲಿಲ್ಲ.

‘ಅಲ್ಲ,’ ಎಂದಳು. ‘ಈ ಎಣ್ಣೆ ಮೈನಸ್ ಹದಿನೈದರ ತನಕ ತಿರುಗುತ್ತದೆ. ಇಲ್ಲಿ ಮೂರೇ ಇರುವುದು. ಎಣ್ಣೆಯದ್ದು ತಪ್ಪಿಲ್ಲ, ಬ್ಯಾಟರಿ ಸತ್ತಿದೆ. ಗುರುದತ್ತರೇ, ಆ ಬೆಂಕಿ ಆಚೆ ಇಡಿ, ಗಾಡಿಗೆ ಹಿಡಿದೀತು.’

‘ನಿನಗೆ ಹೇಗೆ ಗೊತ್ತು?’ ಎಂದ ಯುಜಿನ್.

‘ಲ್ಯಾಬಿನಲ್ಲಿ ಹಾಕಿ ನೋಡಿದ್ದೇನೆ.’

‘ಯಾವಾಗ?’

ಅವಳು ಲೋಟ ಕೆಳಗಿಟ್ಟು ಗಾಡಿಯತ್ತ ನಡೆದಳು. ‘ಷಿ ವಾಸ್ ಸ್ಮೆಲ್ಲಿಂಗ್ ಇಟ್ ಆಲ್ಸೋ,’ ಎಂದಳು ಆಶ್ಲೆ.

ಬಾನೆಟ್ ತೆರೆದರು. ಬಿಳಿ ಪುಡಿ ಈಗ ಹೂಕೋಸಿನಂತೆ ಉಬ್ಬಿತ್ತು. ಕೊಲ್ಲಿಯ ಬೇಸಿಗೆ ಬ್ಯಾಟರಿಯನ್ನು ಒಳಗೊಳಗೇ ತಿಂದಿರುತ್ತದೆ, ಚಳಿ ಬಂದಾಗ ಅದು ಬಯಲಾಗುತ್ತದೆ ಎಂದು ಮಾರ್ಟಿನಾ ವಿವರಿಸಿದಳು. ಈ ಪುಡಿಯನ್ನು ತಾನು ಮೊದಲೇ ಕಂಡಿದ್ದೆ, ಆಗ ಗಮನ ಕೊಡಲಿಲ್ಲ ಎಂಬುದನ್ನೂ ಹೇಳಿದಳು. 10W-40 ಆಗಿದ್ದರೆ ಈ ದುರ್ಬಲ ಬ್ಯಾಟರಿಗೆ ಭಾರ ತುಸು ಕಡಿಮೆಯಾಗುತ್ತಿತ್ತು ಎಂಬ ಮಾತೂ ನಿಜವೇ ಆಗಿತ್ತು. ಅದನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಳು. ಅದನ್ನು ಯಾರೂ ಕೇಳಿರಲಿಲ್ಲ.

ಗುರುದತ್ತ ಡಿಕ್ಕಿಯಿಂದ ಕೇಬಲ್ ತಂದು ಎರಡೂ ಗಾಡಿಗಳನ್ನು ಜೋಡಿಸಿದ. ಪ್ರಾಡೊ ಮೊದಲ ತಿರುವಿಗೇ ಎದ್ದಿತು. ಕೈ ಒರೆಸಿಕೊಳ್ಳುತ್ತ ಅವನು ಅವಳ ಹತ್ತಿರ ಬಂದ. ‘ಮೇಡಂ, ಇವತ್ತು ನನ್ನ ಮಾನ ಉಳಿಸಿದ್ರಿ,’ ಎಂದ. ಯುಜಿನ್ ಅವನ ಹೆಗಲು ತಟ್ಟಿ ಕ್ಷಮೆ ಕೇಳಿದ. ಗಾನವಿ ಕಣ್ಣೊರೆಸಿಕೊಂಡಳು. ತಬೂಕಿನಲ್ಲಿ ಹೊಸ ಬ್ಯಾಟರಿ ಹಾಕಿಸಿಕೊಂಡು ಎಲ್ಲರೂ ನಗುತ್ತ ಅರಬ್ಬರ ಮಾಂಸದನ್ನ ‘ಮಂದಿ’ ತಿಂದರು.

ಆ ಸಂಜೆಯೇ ಗುಂಪಿಗೆ ಗುರುದತ್ತನ ಧ್ವನಿ ಸಂದೇಶ ಹೋಯಿತು. ನಡೆದದ್ದನ್ನು ಒಂದಕ್ಷರ ಮುಚ್ಚಿಡದೆ ಹೇಳಿದ್ದ. ಇನ್ನು ಮೇಲೆ ಚಳಿಯ ವಿಷಯ ಏನಿದ್ದರೂ ಮಾರ್ಟಿನಾ ಮೇಡಂ ಅವರನ್ನು ಕೇಳಬೇಕು, ತಾನು ಬರೀ ಕೇಬಲ್ ಹಿಡಿಯುವವನು ಎಂದು ಮುಗಿಸಿದ್ದ. ಹೆಬ್ಬೆರಳುಗಳು ಸುರಿದವು. ಎಷ್ಟು ದೊಡ್ಡ ಮನಸ್ಸು, ಎಷ್ಟು ವಿನಯ ಎಂದು ಜನ ಬರೆದರು, ಬರೆದದ್ದೆಲ್ಲ ಗುರುದತ್ತನಿಗೆ. ಮಾರ್ಟಿನಾ ಒಂದೊಂದನ್ನೂ ಓದಿದಳು. ಹೊಟ್ಟೆಯೊಳಗೆ ಹಳೆಯ ಉರಿ ಅದೇ ಜಾಗದಲ್ಲಿ ಮತ್ತೆ ಹತ್ತಿತು.

ರುವೈಸಿಗೆ ಮರಳಿ ಕೆಲವು ವಾರಗಳಾದ ಮೇಲೆ, ಒಂದು ಸಂಜೆ ಊಟಕ್ಕೆ ಕೂತಾಗ ಯುಜಿನ್ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅವನ ಫೋನು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಮುಂದಿನ ಚಳಿಗಾಲಕ್ಕೆ ಮತ್ತೆ ಅತ್ತ ಹೋಗುವ ಯೋಚನೆಯಿದೆ ಎಂದ. ತಟ್ಟೆಯಿಂದ ತಲೆಯೆತ್ತದೆ, ಗಾಡಿಗೆ ಆಗ ಯಾವ ಎಣ್ಣೆ ಹಾಕುವುದು ಎಂದು ಕೇಳಿದ.

ಮಾರ್ಟಿನಾ ಎದ್ದು ಅನ್ನದ ಪಾತ್ರೆ ತಂದಳು. ಅವನಿಗೆ ಬಡಿಸಿದಳು, ಆಶ್ಲೆಗೆ ಬಡಿಸಿದಳು, ತಾನೂ ಬಡಿಸಿಕೊಂಡಳು. ಅವನು ಕೈ ತಡೆದು ಕಾಯುತ್ತಿದ್ದ. ಅವನನ್ನು ಇನ್ನೂ ಕೊಂಚ ಕಾಯಿಸಿ, ಕುರ್ಚಿ ಎಳೆದು ಕೂತು, ಅಕ್ಟೋಬರಿನಿಂದ ಇಟ್ಟುಕೊಂಡಿದ್ದ ಉತ್ತರವನ್ನು ಹೇಳಿದಳು.

‘ಟೆನ್ ಡಬ್ಲ್ಯು ಫಾರ್ಟಿ.’