ಪಂಚಾಕ್ಷರಪ್ಪನವರ ಹೂಂ

ತರೀಕೆರೆ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹೇಮಾವತಿಗೆ ಎರಡು ಬಗೆಯ ಬರವಣಿಗೆ ಬರುತ್ತದೆ. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ ಎಂದು ಬಂದವರಿಗೆ ಟೈಪ್ ಮಾಡಿಕೊಡುವ ಅರ್ಜಿಗಳು ಒಂದು ಬಗೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನ ಮುಂದೆ ಕೂತು ಬರೆಯುವ ಕಥೆಗಳು ಇನ್ನೊಂದು ಬಗೆ. ಆ ಕಥೆಗಳಲ್ಲಿ ಹೊಳೆಗಳು ಬೆಟ್ಟ ಹತ್ತುತ್ತವೆ, ಆಕಾಶದಲ್ಲಿ ಇಬ್ಬರು ಸೂರ್ಯರು ಜಗಳವಾಡುತ್ತಾರೆ. ಒಮ್ಮೆ ಅರ್ಜಿಯೂ ಕಥೆಯೂ ತಲೆಯಲ್ಲಿ ಕಲಸಿಹೋಗಿ, ಮಂಗಳ ಗ್ರಹದ ಒಬ್ಬ ವೀರ ತನ್ನ ರಾಜನ ಮುಂದೆ "ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ" ಎಂದು ಮಾತು ಶುರು ಮಾಡಿಬಿಟ್ಟಿದ್ದ. ಅರ್ಜಿ ಬರೆಸಲು ಅಂಗಡಿಗೆ ಬಂದು, ಪರದೆಯ ಮೇಲಿದ್ದ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕವರು ಅಜ್ಜಂಪುರದ ಪಂಚಾಕ್ಷರಪ್ಪ.

"ಇದನ್ನ ಮಾತ್ರ ತೆಗೀಬ್ಯಾಡ ಕಣಮ್ಮ. ಮಂಗಳದಲ್ಲೂ ಅಮಲ್ದಾರ್ ಅವ್ನೆ ಅಂತ ಜನಕ್ಕೆ ಗೊತ್ತಾಗ್ಲಿ" ಎಂದಿದ್ದರು. ಅವರಿಬ್ಬರ ಸ್ನೇಹ ಶುರುವಾದದ್ದು ಹಾಗೆ.

ಪಂಚಾಕ್ಷರಪ್ಪನವರದು ತೆಂಗಿನ ತೋಟ. ಬೆಳಿಗ್ಗೆಯೆಲ್ಲ ತೋಟದಲ್ಲಿ ಕಾಯಿ ಎಣಿಸಿ, ಮಧ್ಯಾಹ್ನ ಜಗಲಿಯ ಮೇಲೆ ಕೂತು ಚಂದ್ರನ ಮೇಲಿನ ಗ್ರಾಮ ಪಂಚಾಯಿತಿ ಚುನಾವಣೆಯ ಬಗ್ಗೆ ಕಥೆ ಬರೆಯುವ ಆಸಾಮಿ. ಇಂಥವರೆಲ್ಲ ವರ್ಷಕ್ಕೊಮ್ಮೆ ಕಡೂರಿನ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ ಸೇರುತ್ತಾರೆ. ಬೀರೂರಿನಲ್ಲಿ ಪೈಪು, ನಲ್ಲಿ ಮಾರುವ ಹೊನ್ನೇಶ್ ಇದರ ಯಜಮಾನಿಕೆ ವಹಿಸಿಕೊಂಡು, 'ವಿಜ್ಞಾನ ಮತ್ತು ಅದ್ಭುತ ಕಥೆಗಾರರ ಸಮ್ಮೇಳನ' ಎಂದು ಬ್ಯಾನರ್ ಕಟ್ಟಿಸುತ್ತಾನೆ. ಬ್ಯಾನರಿನಲ್ಲಿ ಗ್ರಹಗಳ ಚಿತ್ರ ಇರುವುದರಿಂದ ಪ್ರತಿ ಸಲವೂ ಯಾರಾದರೊಬ್ಬರು ಮಗಳ ಜಾತಕ ಹಿಡಿದುಕೊಂಡು ಒಳಗೆ ಬರುವುದುಂಟು. ಬಂದವರನ್ನು ಹಾಗೇ ಕಳಿಸುವುದು ಸರಿಯಲ್ಲವೆಂದು ಹೊನ್ನೇಶ್ ಅವರಿಗೂ ಎಲೆ ಹಾಕಿಸುತ್ತಾನೆ.

ಆ ಸಮ್ಮೇಳನದಲ್ಲಿ ಭಾಷಣಕ್ಕಿಂತ ಮಾತು ಜಾಸ್ತಿ. ಹೋದ ವರ್ಷ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಜಗಳ ಮುಂದುವರಿಯುತ್ತದೆ. ನಮಸ್ಕಾರ, ಕ್ಷೇಮಸಮಾಚಾರ ಒಂದೂ ಇಲ್ಲದೆ, ಚಪ್ಪಲಿ ಬಿಡುತ್ತಿರುವಾಗಲೇ "ಅಲ್ಲಾ ಕಣ್ರೀ, ಎರಡು ಸೂರ್ಯ ಇದ್ರೆ ನೆರಳೂ ಎರಡು ಬೀಳಬೇಕಲ್ವಾ?" ಎಂದು ಯಾರೋ ಒಬ್ಬರು ಎತ್ತಿಕೊಳ್ಳುತ್ತಾರೆ. ಮೊದಲ ಸಲ ಇದನ್ನು ಕಂಡಾಗ ಹೇಮಾವತಿ ಬಾಗಿಲಲ್ಲೇ ಬೆರಗಾಗಿ ನಿಂತುಬಿಟ್ಟಿದ್ದಳು. ಅಂಗಡಿಯಲ್ಲಿ ಯಾರಿಗೂ ಹೇಳಲಾಗದೆ ಒಳಗೇ ಇಟ್ಟುಕೊಂಡಿದ್ದ ಲೋಕದ ಬಗ್ಗೆ ತಲೆ ನರೆತ ಗಂಡಸರು, ಮೊಮ್ಮಕ್ಕಳ ಕಂಡ ಹೆಂಗಸರು ನೆರೆಮನೆಯ ಸುದ್ದಿಯಷ್ಟೇ ಕಾಳಜಿಯಿಂದ ವಾದ ಮಾಡುತ್ತಿದ್ದರು.

ಅಲ್ಲಿ ಒಂದು ಕಟ್ಟುಪಾಡಿದೆ. ಕಥೆಯನ್ನು ಕಾಗದ ನೋಡಿ ಓದುವಂತಿಲ್ಲ, ಬಾಯಲ್ಲಿ ಹೇಳಬೇಕು. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುವಂತೆ ಒಬ್ಬರು ಎದುರು ಕೂತು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ಅಲ್ಲಿಗೆ ನಿಂತಿತು. ಹೇಳಿದವರು ಕಥೆಯ ಆ ಭಾಗವನ್ನು ಮತ್ತೆ ಕಟ್ಟಿಕೊಂಡು ಬರಬೇಕು. ಹೂಂಗುಟ್ಟುವ ಕೆಲಸ ಯಾವತ್ತೂ ಪಂಚಾಕ್ಷರಪ್ಪನವರದೇ. ಮುಲಾಜಿಗೆ ಅವರು ಒಂದು ಹೂಂ ಕೂಡ ಖರ್ಚು ಮಾಡಿದವರಲ್ಲ.

ಹೋದ ವರ್ಷ ಹೇಮಾವತಿ ಹೇಳಿದ ಕಥೆಯ ಲೋಕದಲ್ಲಿ, ಆಡಿದ ಮಾತು ಗಾಳಿಯಲ್ಲಿ ಕರಗುವುದಿಲ್ಲ. ಎಲೆ ಉದುರಿದ ಹಾಗೆ ನೆಲಕ್ಕೆ ಬೀಳುತ್ತದೆ. ಎತ್ತಿ ಕಿವಿಗೆ ಹಿಡಿದರೆ ಮತ್ತೆ ಕೇಳಿಸುತ್ತದೆ. ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಅಮ್ಮನ ಒಂದಾದರೂ ಮಾತು ಸಿಕ್ಕೀತೆಂದು ಊರೂರು ಹುಡುಕುತ್ತಾಳೆ. ಕೊನೆಗೆ ಸಿಗುತ್ತದೆ. 'ಚೆನ್ನಾಗಿರು ಮಗಳೇ' ಎಂಬ ಮಾತು. ಅಲ್ಲಿಯವರೆಗೂ ಬರುತ್ತಿದ್ದ ಹೂಂ ಅಲ್ಲಿಗೆ ನಿಂತಿತು.

"ಆ ಮಾತು ಅವ್ಳ ಅಮ್ಮಂದಲ್ಲ ಕಣಮ್ಮ, ನಿಂದು" ಎಂದಿದ್ದರು ಪಂಚಾಕ್ಷರಪ್ಪ. "ಬರೋ ವರ್ಷ ಸರಿ ಮಾಡ್ಕಂಡ್ ಬಾ, ಕೇಳ್ತೀನಿ."

ಆ 'ಬರೋ ವರ್ಷ' ಬರುವಷ್ಟರಲ್ಲಿ ಪಂಚಾಕ್ಷರಪ್ಪನವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಉಳಿದದ್ದು ಹೂಂ ಒಂದೇ. ಹೇಮಾವತಿ ಫೋನ್ ಮಾಡಿದಾಗ ಅವರ ಹೆಂಡತಿ ಈಶ್ವರಮ್ಮ ಎತ್ತಿಕೊಂಡು ಅತ್ತರು.

"ಊಟ ಮಾಡ್ತೀರಾ ಅಂದ್ರೂ ಹೂಂ, ಬ್ಯಾಡ್ವಾ ಅಂದ್ರೂ ಹೂಂ. ಏನ್ ಕೇಳ್ಸುತ್ತೋ, ಏನ್ ತಿಳಿಯುತ್ತೋ ಶಿವನೇ ಬಲ್ಲ. ನಾನೂ ಮಾತಾಡೋದು ಬಿಟ್ಟಿದೀನಿ ಕಣಮ್ಮ. ಗೋಡೆ ಹತ್ರ ಎಷ್ಟು ಅಂತ ಮಾತಾಡೋದು?"

ಈಶ್ವರಮ್ಮ ಫೋನನ್ನು ಗಂಡನ ಕಿವಿಗೆ ಹಿಡಿದರು. "ಅಣ್ಣಾ, ನಾನು ಹೇಮಾ" ಎಂದಳು. "ಹೂಂ" ಎಂದು ಆ ಕಡೆಯಿಂದ ಬಂತು. ಅದು ಪಂಚಾಕ್ಷರಪ್ಪನವರ ಹೂಂ ಹೌದೋ, ಅಥವಾ ಒಳಗೆ ಯಾರೂ ಇಲ್ಲದ ಬರೀ ಸದ್ದೋ ಅವಳಿಗೆ ತಿಳಿಯಲಿಲ್ಲ. ಅಂದಿನಿಂದ ಅವಳ ಕಥೆಯೂ ಮುಂದಕ್ಕೆ ಹೋಗಲಿಲ್ಲ. ಅವರು ಒಳಗೆ ಇದ್ದಾರೋ ಇಲ್ಲವೋ ಎಂಬುದೊಂದು ಗೊತ್ತಾಗದೆ ಅವಳಿಗೆ ಬರೆಯುವುದು ಯಾರಿಗಾಗಿ ಎಂಬುದೇ ಮರೆತುಹೋಗಿತ್ತು.

ಈ ವರ್ಷದ ಸಮ್ಮೇಳನಕ್ಕೆ ಹೊನ್ನೇಶ್ ತಾನೇ ಅಜ್ಜಂಪುರಕ್ಕೆ ಕಾರು ತೆಗೆದುಕೊಂಡು ಹೋಗಿ ಗಂಡ ಹೆಂಡತಿ ಇಬ್ಬರನ್ನೂ ಕರೆತಂದ. ಪಂಚಾಕ್ಷರಪ್ಪನವರನ್ನು ಅವರ ಮಾಮೂಲಿ ಕುರ್ಚಿಯಲ್ಲೇ ಕೂರಿಸಿದರು. ಚಪ್ಪಲಿ ಬಿಡುವಾಗಿನ ಜಗಳ ಆ ದಿನ ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ಬಂದು ಅವರ ಕೈ ಮುಟ್ಟಿ, ಮಕ್ಕಳನ್ನು ಮಾತಾಡಿಸುವ ಹಾಗೆ ಗಟ್ಟಿಯಾಗಿ "ಚೆನ್ನಾಗಿದೀರಾ?" ಎಂದು ಕೇಳಿ, ಹೂಂ ಅನ್ನಿಸಿಕೊಂಡು, ಕಣ್ಣೊರೆಸಿಕೊಂಡು ಹೋದರು.

ಹೇಮಾವತಿಯ ಸರದಿ ಬಂತು. ಎದುರು ಕೂತು ಅವಳು ಹೋದ ವರ್ಷದ ಕಥೆಯನ್ನೇ ಎತ್ತಿಕೊಂಡಳು. ಒಂದೊಂದು ಮಾತಿಗೂ ಹೂಂ ಬರುತ್ತಿತ್ತು. ಆದರೆ ಆ ಸೊಟ್ಟಗಾದ ಮುಖ ನೋಡುತ್ತಾ ನೋಡುತ್ತಾ ಆ ಬಾಯಿಗೆ ಮಾತು ಮರಳಲಿ ಎಂದು ಅವಳಿಗೆ ಅನ್ನಿಸಿತು. ಯೋಚಿಸದೆಯೇ ಕೊನೆಯನ್ನು ಬದಲಿಸಿಬಿಟ್ಟಳು. ದೊಡ್ಡದೊಂದು ಗಾಳಿ ಬೀಸಿತು, ನೆಲಕ್ಕೆ ಬಿದ್ದ ಮಾತುಗಳೆಲ್ಲ ಎದ್ದು ಹಾರಿ ತಂತಮ್ಮ ಒಡೆಯರ ಬಾಯಿಗೆ ವಾಪಸ್ಸು ಹೋದವು, ಆ ಲೋಕದಲ್ಲಿ ಮಾತು ಕಳೆದುಕೊಂಡವರೆಲ್ಲ ಮತ್ತೆ ಮಾತಾಡಿದರು ಎಂದಳು.

ಮಂಟಪದ ತುಂಬ ಚಪ್ಪಾಳೆ ಬಿತ್ತು. ಹೊನ್ನೇಶ್ ಅಂತೂ ಅಳುತ್ತಲೇ ಚಪ್ಪಾಳೆ ತಟ್ಟಿದ. ಚಪ್ಪಾಳೆ ನಿಂತಿತು. ಹೂಂ ಬರಲಿಲ್ಲ.

ಈಶ್ವರಮ್ಮ ಗಾಬರಿಯಾಗಿ ಎದ್ದರು. "ಯಾಕ್ರೀ? ಸುಸ್ತಾಯ್ತಾ? ಮನೆಗೆ ಹೋಗಣ್ವಾ?" ಎಂದು ಭುಜ ಅಲುಗಿಸಿದರು. ಅದಕ್ಕೂ ಹೂಂ ಇಲ್ಲ. "ಅಯ್ಯೋ, ಹೂಂ ಅನ್ನೋದೂ ನಿಂತೋಯ್ತಲ್ಲಪ್ಪಾ! ಹೊನ್ನೇಶಾ, ಕಾರ್ ತಗಿಯಪ್ಪಾ" ಎಂದು ಕೂಗಿದರು.

ಹೇಮಾವತಿ ಮಾತ್ರ ಪಂಚಾಕ್ಷರಪ್ಪನವರನ್ನೇ ನೋಡುತ್ತಿದ್ದಳು. ಅವರ ತುಟಿ ಬಿಗಿಯಾಗಿ ಮುಚ್ಚಿತ್ತು. ಎಡ ಹುಬ್ಬು ಮೇಲಕ್ಕೆ ಎದ್ದಿತ್ತು. ಆ ಹುಬ್ಬನ್ನು ಅವಳು ಬಲ್ಲಳು. ಹೋದ ವರ್ಷ 'ಚೆನ್ನಾಗಿರು ಮಗಳೇ' ಎಂದಾಗ ಎದ್ದಿದ್ದ ಹುಬ್ಬು ಅದೇ. ಊಟಕ್ಕೂ ಹೂಂ, ಉಪವಾಸಕ್ಕೂ ಹೂಂ ಎನ್ನುವ ಮನುಷ್ಯ ಅವಳ ಕಥೆಗೆ ಮಾತ್ರ ಹೂಂ ಅನ್ನಲಿಲ್ಲ! ಒಳಗೆ ಅವರಿದ್ದರು, ಇಡಿಯಾಗಿ ಇದ್ದರು, ಸಿಟ್ಟು ಮಾಡಿಕೊಂಡು ಕೂತಿದ್ದರು.

"ಅಕ್ಕಾ, ಕೂತ್ಕಳಿ" ಎಂದಳು. "ಅಣ್ಣಂಗೆ ಸುಸ್ತಾಗಿಲ್ಲ. ಕಥೆ ಒಪ್ಪಿಗೆ ಆಗಿಲ್ಲ."

ಈಶ್ವರಮ್ಮ ಬಾಯಿ ತೆರೆದುಕೊಂಡೇ ಕೂತರು. ಹೇಮಾವತಿ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ತಪ್ಪಾಯ್ತು ಅಣ್ಣಾ. ಗಾಳಿ ಬೀಸಲಿಲ್ಲ."

"ಹೂಂ" ಎಂದರು ಪಂಚಾಕ್ಷರಪ್ಪ, ತಕ್ಷಣ.

"ಹುಡುಗಿ ತನ್ನ ಮನೆಗೇ ವಾಪಸ್ ಬಂದ್ಲು."

"ಹೂಂ."

"ಅಡಿಗೆಮನೆ ಒಲೆ ಹಿಂದೆ, ಬೂದಿ ಅಡೀಲಿ ಅಮ್ಮನ ಒಂದು ಮಾತು ಬಿದ್ದಿತ್ತು. ಎತ್ತಿ ಕಿವಿಗೆ ಹಿಡ್ಕಂಡ್ಲು."

ಅಲ್ಲಿಗೆ ಹೇಮಾವತಿ ನಿಂತಳು. ಮುಂದೇನೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇಡೀ ವರ್ಷ ಹುಡುಕಿದರೂ ಆ ಮಾತು ಸಿಕ್ಕಿರಲಿಲ್ಲ. ಪಂಚಾಕ್ಷರಪ್ಪ ಕಾದರು, ಕಾದರು, ಕೊನೆಗೆ ಮುಂದಕ್ಕೆ ಬಗ್ಗಿ, ಹೇಳು ಎನ್ನುವ ಹಾಗೆ ಮೆಲ್ಲಗೆ ಅಂದರು.

"ಹೂಂ."

ಹೇಮಾವತಿಯ ಕಣ್ಣು ತುಂಬಿ ಬಂತು. "ಹೌದಣ್ಣಾ," ಎಂದಳು. "ಅದೇ ಕೇಳಿಸ್ತು. ಹೂಂ ಅಂತ. ಸ್ಕೂಲಿಂದ ಬಂದು ಹುಡುಗಿ ಸುದ್ದಿ ಹೇಳ್ತಿದ್ರೆ ಅಮ್ಮ ಮುದ್ದೆ ತಿರುವ್ತಾ ಅಂತಿದ್ಲಲ್ಲ, ಆ ಹೂಂ. ಹುಡುಗಿ ಅದನ್ನ ಕಿವಿಗೆ ಹಿಡ್ಕಂಡು ಒಲೆ ಮುಂದೆ ಕೂತ್ಲು. ಅಮ್ಮ ಹೋದ ಮೇಲೆ ಏನೇನಾಯ್ತೋ ಎಲ್ಲಾನೂ ಹೇಳಕ್ಕೆ ಶುರು ಮಾಡಿದ್ಲು."

"ಹೂಂ" ಎಂದರು ಪಂಚಾಕ್ಷರಪ್ಪ. ಅರ್ಧ ಮುಖದಲ್ಲೇ ನಕ್ಕರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಯಾರೋ, "ಅಲ್ಲಾ, ಮಾತು ಒಲೆ ಹತ್ರ ಬಿದ್ರೆ ಸುಟ್ಟೋಗಲ್ವಾ?" ಎಂದರು. ಸಮ್ಮೇಳನ ಮತ್ತೆ ಸಮ್ಮೇಳನವಾಯಿತು.

ಸಂಜೆ ಕಾರಿನಲ್ಲಿ ಗಂಡನನ್ನು ಕೂರಿಸಿದ ಮೇಲೂ ಈಶ್ವರಮ್ಮ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು. "ಎಲ್ಲಾ ಕೇಳಿಸ್ಕಂತಿದ್ರೇನಮ್ಮ ಇವ್ರು? ಇಷ್ಟು ದಿನ?" ಎಂದು ಹೇಮಾವತಿಯನ್ನು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

ಈಶ್ವರಮ್ಮ ಗಂಡನ ಪಕ್ಕ ಕೂತು ಸೆರಗು ಸರಿಮಾಡಿಕೊಂಡರು. ಹೊನ್ನೇಶ್ ಕಾರು ಹೊರಡಿಸಿದ. ತೆರೆದ ಕಿಟಕಿಯಿಂದ ಅವರ ದನಿ ಹೇಮಾವತಿಗೆ ಕೇಳಿಸಿತು. "ಏನ್ರೀ, ನಿಮಗೆ ಹೇಳೇ ಇಲ್ಲ ನಾನು. ಶಿವರಾತ್ರಿ ಹಿಂದಿನ ದಿನ ನಮ್ಮ ಕೆಂದಹಸು ಕರು ಹಾಕ್ತು. ಹೆಣ್ಗರು."

"ಹೂಂ."

"ಹಣೆ ಮೇಲೆ ಬಿಳೀ ಚುಕ್ಕಿ ಐತೆ..."