ಕೌದಿಯ ಒಳಪದರ

ಶಹಾಪುರದ ಮೌನಮ್ಮ ಹಳೆ ಬಟ್ಟೆ ಪದರಿಸಿ ಹೊದೆಯುವ ಕೌದಿ ಹೊಲಿಯುವವಳು. ರೊಟ್ಟಿ ಬಡಿದು, ಕುರಿಹಟ್ಟಿ ಗುಡಿಸಿ, ನೀರು ಹೊತ್ತ ಮೇಲೆ ಉಳಿದ ಹೊತ್ತೆಲ್ಲ ಸೂಜಿಯದು. ಗಂಡ ಅಂಬಣ್ಣ ಅದನ್ನು "ಸುಮ್ನ ಕುಂತಾಳ" ಎನ್ನುತ್ತಿದ್ದ.

ನಿಜಾಮನ ಆಳ್ವಿಕೆ ಮುಗಿದ ವಾರ ಪಕ್ಕದ ಮನೆಯ ಲಾಲಸಾಬ ಸುರಪುರಕ್ಕೆಂದು ಗಾಡಿ ಕಟ್ಟಿದವನು ತಿರುಗಿ ಬರಲಿಲ್ಲ. ಅದೇ ವಾರ, ನಿಜಾಮನ ಕಡೆಯವರೆಂದು ಮುಸಲ್ಮಾನರ ಮೇಲೆ ಸೇಡಿಗೆ ಹೊರಟ ಗುಂಪಿನೊಂದಿಗೆ ಹೋಗಿದ್ದ ಅಂಬಣ್ಣ ಹಳೆ ಬಟ್ಟೆಯ ಗಂಟೊಂದನ್ನು ತಂದು ಹಾಕಿದ.

"ಸಂತ್ಯಾಗ ಸಿಕ್ತು."

ಗಂಟಿನಲ್ಲೊಂದು ಹಸಿರು ಅಂಗಿ. ಕಂಕುಳಲ್ಲಿ ಕೆಂಪು ತೇಪೆ. ತನ್ನ ಹಳೆ ಕುಪ್ಪಸದ ತುಂಡನ್ನೇ ಹಚ್ಚಿ ಅವಳು ಲಾಲಸಾಬನಿಗೆ ಹೊಲಿದುಕೊಟ್ಟದ್ದು.

ಆ ವಾರ ಸಂತೆಯೇ ನೆರೆದಿರಲಿಲ್ಲ. ಅವಳು ಕೇಳಲಿಲ್ಲ. ಮೂರು ನೀರಿನಲ್ಲಿ ತೊಳೆದು, ಕೌದಿಯ ಒಳಪದರಕ್ಕೆ ಹಾಕಿದಳು. ಅವಳ ಪಾಲಿಗೆ, ಮಗಳಿಗೆ ಜ್ವರ ಬಂದಾಗ ಎರಡು ದಿನ ಊಟ ಬಿಟ್ಟ ಅಂಬಣ್ಣ ಒಬ್ಬ, ಗುಂಪಿನೊಂದಿಗೆ ಹೋದವ ಇನ್ನೊಬ್ಬ. ಇಬ್ಬರನ್ನೂ ಒಟ್ಟಿಗೆ ನೆನೆಯದೆ ಎಂಟು ತಿಂಗಳು ಕಳೆದಳು. ಲಾಲಸಾಬನ ಹೆಂಡತಿ ಹಬೀಬಾ ಬಳೆ ತೊಟ್ಟೇ ದಾರಿ ಕಾಯುತ್ತಿದ್ದಳು. ಅಣ್ಣಂದಿರು ತವರಿಗೆ ಕರೆಯಲು ಬಂದರೆ, "ಅವ್ರು ಬಂದ್ರ ಬಾಗಿಲಾ ತೆಗಿಯೋರ್ಯಾರು?" ಎಂದು ಕಳಿಸಿಬಿಡುತ್ತಿದ್ದಳು.

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುವುದು ವಾಡಿಕೆ. ಹೊಲಿದವಳಲ್ಲ, ಇನ್ನೊಬ್ಬ ಮುತ್ತೈದೆಯ ಬಳೆಯಿದ್ದ ಕೈಯೇ ಅದನ್ನು ಇಡಬೇಕು. ಈ ಕೌದಿ ಮುಗಿಯುತ್ತ ಬಂದಾಗ, ಪ್ರತಿಸಲದಂತೆ ಮೌನಮ್ಮ ಹಬೀಬಾಳನ್ನೇ ಕರೆದಳು. ತನ್ನ ಕೈ ಹೋಗಲೊಲ್ಲದೆ ಕೊನೆಗೆ ಉಳಿಸಿದ್ದು ಆ ಅಂಗಿಯಿದ್ದ ಮೂಲೆಯನ್ನೇ ಎಂಬುದು ಅವಳ ತಲೆಗೆ ಬರಲೇ ಇಲ್ಲ.

"ನಿನ್ನ ಕೌದಿಗಿ ಹಸಿವ್ಯಾದ್ರ ನಾ ಬೇಕು. ನನಗ ಹಸಿವ್ಯಾದ್ರ?" ಹಬೀಬಾ ನಕ್ಕಳು.

"ನಿನಗ ಬಾಯದ, ಕೇಳ್ತಿ. ಇದಕ್ಕ ಬಾಯಿ ಎಲ್ಲ್ಯದ?"

ರೊಟ್ಟಿ ಚೂರು ಹಿಡಿದು ಒಳಗೆ ಹೋದ ಹಬೀಬಾಳ ಬೆರಳು ನಿಂತವು. ಕೆಂಪು ತೇಪೆಯ ಅಂಚು ಹೊರಗೆ ಬಂತು.

"ಅಕ್ಕಾ, ಇದೆಲ್ಲಿಂದು?"

"ಸಂತ್ಯಾಗ..." ಮೌನಮ್ಮ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಹಬೀಬಾ ಕಣ್ಣು ಕೀಳಲಿಲ್ಲ.

"ಆ ವಾರ ಸಂತಿ ಕೂಡಿರ್ಲಿಲ್ಲ, ತಂಗಿ. ನಮ್ಮ ಮನಿಯವ್ರು ತಂದಾರ. ರಕ್ತ ಇತ್ತು. ನಾನ ತೊಳದೆ."

"ಎಂಟು ತಿಂಗಳಾ?"

"ಹ್ಞೂಂ."

ಹಬೀಬಾ ಹಲ್ಲಿನಿಂದ ದಾರ ಕಡಿದು, ಅಂಗಿ ಎಳೆದುಕೊಂಡು, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಬಳೆ ಒಡೆಯುವ ಸದ್ದು.

ಹಟ್ಟಿಯಿಂದ ಅಂಬಣ್ಣ ಕೂಗಿದ, "ಏ, ರೊಟ್ಟಿ ಆದ್ವೇನ?"

ಮೌನಮ್ಮ ಹಿಟ್ಟಿಗೆ ಬಿಸಿನೀರು ಹುಯ್ದಳು. ಹಿಟ್ಟು ನಾದುವ ಕೈಗೆ, ತಾನು ಯಾರಿಗೆ ರೊಟ್ಟಿ ಬಡಿಯುತ್ತಿದ್ದೇನೆಂಬುದು ಇನ್ನು ಮರೆಯುವಂತಿರಲಿಲ್ಲ.